‘ಅಜ್ಜಿಗೆ ಚಳಿ ಆಯ್ತು’: ಇಲ್ಲಿ ಅಜ್ಜಿಗೆ ಯಾವ ಟ್ಯಾಗ್ ಹಾಕಲಿ?

ಕಬ್ಬಿನಗದ್ದೆ:
ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನ ಓದುತ್ತಿದ್ದೇನೆ, ಊರು ಪಾಂಡವಪುರದ ಹತ್ತಿರ. ಪ್ರಾಜೆಕ್ಟಿಗೆ ಅಂತ ನಮ್ಮಜ್ಜಿಯ ಮಾತನ್ನೇ ರೆಕಾರ್ಡ್ ಮಾಡಿ, ಪದಪದಕ್ಕೂ ಕಾರಕದ, ಅಂದರೆ ಕ್ರಿಯೆಯಲ್ಲಿ ಅದರ ಪಾತ್ರ ಏನು ಅನ್ನುವ ಟ್ಯಾಗ್ ಹಾಕುತ್ತಿದ್ದೇನೆ. ಮೊದಲು ಸುಲಭ ಅನ್ನಿಸಿತು. ‘ತಾತ ಮಚ್ಚಿನಿಂದ ಕಬ್ಬು ಕಡಿದ’: ತಾತ ಕೆ1 (ಕರ್ತೃ, ಮಾಡುವವನು), ಕಬ್ಬು ಕೆ2 (ಕರ್ಮ), ಮಚ್ಚು ಕೆ3 (ಕರಣ, ಅಂದರೆ ಸಾಧನ). ‘-ಗೆ’ ಕಂಡಲ್ಲೆಲ್ಲ ಕಣ್ಣು ಮುಚ್ಚಿಕೊಂಡು ಕೆ4, ಅಂದರೆ ಸಂಪ್ರದಾನ, ಕೊಟ್ಟದ್ದನ್ನು ಪಡೆಯುವವರು. ‘ಅಜ್ಜಿಗೆ ಚಳಿ ಆಯ್ತು’ ಬಂದಾಗ ಕೈ ನಿಂತಿತು. ಚಳಿಯನ್ನು ಅಜ್ಜಿಗೆ ಯಾರೂ ತಂದು ಕೊಟ್ಟಿಲ್ಲ, ಅಲ್ವಾ? ರೂಮ್‌ಮೇಟ್ ‘ಅಜ್ಜಿನೇ ಕರ್ತೃ, ಸುಮ್ನೆ ಕೆ1 ಹಾಕು’ ಅನ್ನುತ್ತಾಳೆ. ಯಾವುದು ಸರಿ?

ಹಳೇ ಟ್ಯಾಗರ್:
ಪ್ರತ್ಯಯ ನೋಡಿ ಟ್ಯಾಗ್ ಹಾಕಿದ್ದೇ ಎಡವಟ್ಟು. ‘ಅಜ್ಜಿಗೆ ಕಾಫಿ ಕೊಟ್ಟೆ’ ಸಂಪ್ರದಾನ, ಸರಿ. ಆದರೆ ‘ಮಂಡ್ಯಕ್ಕೆ ಹೋದೆ’ ಸೇರುವ ಜಾಗ, ‘5 ಗಂಟೆಗೆ ಎದ್ದೆ’ ಹೊತ್ತು, ‘20 ರೂಪಾಯಿಗೆ ಕೊಂಡೆ’ ಬೆಲೆ. ಚಳಿ ಆದ ಅಜ್ಜಿ ಅನುಭವಿ, ಅಂದರೆ ಚಳಿಯನ್ನು ಅನುಭವಿಸುವವಳು. ಹಿಂದಿ ಟ್ರೀಬ್ಯಾಂಕಿನಲ್ಲಿ (ಹೀಗೆ ಟ್ಯಾಗ್ ಹಾಕಿಟ್ಟ ವಾಕ್ಯಗಳ ಸಂಗ್ರಹ) ಇದಕ್ಕೆ ಅಂತಲೇ ಕೆ4ಎ ಇದೆ, ಅದನ್ನೇ ಹಾಕಿ. ‘-ಇಂದ’ ಕೂಡ ಒಮ್ಮೆ ತಿರುವಿ ನೋಡಿ. ‘ಮಳೆಯಿಂದ ಗದ್ದೆ ಹಾಳಾಯ್ತು’ ಅನ್ನುವಲ್ಲಿ ಮಳೆಗೂ ಕೆ3 ಹಾಕಿರುತ್ತೀರಿ, ಪಂದ್ಯ! ಮಳೆ ಮಚ್ಚಲ್ಲ, ಕಾರಣ.

ಕುಕ್ಕರಹಳ್ಳಿ ವಾಕರ್:
ರೂಮ್‌ಮೇಟ್ ಹೇಳಿದ್ದರಲ್ಲೂ ಹುರುಳಿದೆ. ‘ತನ್ನ’ ಸೇರಿಸಿ ನೋಡಿ. ‘ಅಮ್ಮ ಅಜ್ಜಿಗೆ ತನ್ನ ಸೀರೆ ಕೊಟ್ಟಳು’ ಅಂದರೆ ಸೀರೆ ಅಮ್ಮನದು. ‘ಅಜ್ಜಿಗೆ ತನ್ನ ತವರು ನೆನಪಾಯ್ತು’ ಅಂದರೆ ತವರು ಅಜ್ಜಿಯದೇ. ‘-ಗೆ’ ಹತ್ತಿದ್ದರೂ ಎರಡನೇ ವಾಕ್ಯದ ಅಜ್ಜಿ ಕರ್ತೃವಿನ ಗತ್ತಿನಲ್ಲೇ ಕೂತಿದ್ದಾಳೆ. ಆದರೆ ಅದು ವಾಕ್ಯದಲ್ಲಿ ಕೂತ ಜಾಗ, ಅರ್ಥದಲ್ಲಿ ವಹಿಸಿದ ಪಾತ್ರವಲ್ಲ. ಭಾಷಾವಿಜ್ಞಾನಿ ಫಿಲ್ಮೋರ್ 1968ರಲ್ಲಿ ಬೇರೆ ಮಾಡಿ ತೋರಿಸಿದ್ದು ಇವೆರಡನ್ನೇ. ಕೆ4ಎ ಗೇ ನನ್ನ ಓಟು.

ಕಬ್ಬಿನಗದ್ದೆ:
ಪಂದ್ಯ ಗೆದ್ದಿರಿ. ಮಳೆ, ಜ್ವರ, ಸಾಲ ಎಲ್ಲಕ್ಕೂ ಕೆ3 ಹಾಕಿದ್ದೇನೆ, ಕೊನೆಗೆ ಮದ್ದೂರಿನಿಂದ ಬಂದ ಮಾವನ ಮದ್ದೂರಿಗೂ! ಈಗ ಇನ್ನೊಂದು ಕಾಟ. ‘ತಾತನಿಗೆ ಕಬ್ಬು ಕಡಿಯೋಕೆ ಆಗಲ್ಲ’. ಕಡಿಯಬೇಕಾದವನೂ ತಾತ, ಆಗದೇ ಇರುವುದೂ ತಾತನಿಗೇ. ಎರಡು ಟ್ಯಾಗ್ ಹಾಕಬಹುದಾ?

ಹಳೇ ಟ್ಯಾಗರ್:
ಪದವನ್ನು ಕ್ರಿಯೆಗೆ ಕಟ್ಟುವ ಗೆರೆ ಒಂದೇ, ಹಾಗಾಗಿ ಟ್ಯಾಗೂ ಒಂದೇ. ನಾನಾದರೆ ತಾತನನ್ನು ‘ಆಗಲ್ಲ’ಕ್ಕೆ ಕಟ್ಟಿ ಕೆ4ಎ ಹಾಕುತ್ತೇನೆ. ಕಡಿಯುವವನೂ ಅವನೇ ಅಂತ ಪಕ್ಕದಲ್ಲಿ ಷರಾ ಬರೆದಿಡಿ. ಇಂಥವು ಅಜ್ಜಿ ಮಾತಲ್ಲಿ ಜಾಸ್ತಿ ಸಿಗುತ್ತವೆ.