ಅಪ್‌ಡೇಟ್: ಸನ್ನೆ ಭಾಷೆಯ ತರಬೇತಿ ವಿಡಿಯೋ ನಿಂತು ನಿಂತು ಬರುತ್ತಿತ್ತಲ್ಲ, ಅದರ ಕಥೆ

ಹೋದ ವಾರ ಕೇಳಿದ್ದೆನಲ್ಲ, ಕಿವಿ ಕೇಳದ ಮಕ್ಕಳಿಗೆ ಕಲಿಸಲು ಆನ್‌ಲೈನ್ ತರಬೇತಿ ತೆಗೆದುಕೊಳ್ಳುತ್ತಿದ್ದೇನೆ, ನಮ್ಮ ಮಲೆನಾಡಿನ ನೆಟ್‌ವರ್ಕಿನಲ್ಲಿ ವಿಡಿಯೋ ಓಡುವುದೇ ಇಲ್ಲ ಅಂತ. ಈಗ ದಾರಿ ಸಿಕ್ಕಿದೆ.

ಕ್ವಾಲಿಟಿ 144ಕ್ಕೆ ಇಳಿಸಿ ಅಂದಿದ್ದರು ಕೆಲವರು. ಇಳಿಸಿದೆ. ವಿಡಿಯೋ ಓಡಿತು, ಬೆರಳುಗಳೇ ಕಾಣಲಿಲ್ಲ! ಸನ್ನೆ ಭಾಷೆಯಲ್ಲಿ ಬೆರಳು ಕಾಣದಿದ್ದರೆ ಇನ್ನೇನು ಉಳಿಯಿತು? ಲೈವ್ ತರಗತಿಯಲ್ಲಿ ನನ್ನ ಕ್ಯಾಮೆರಾ ಆಫ್ ಮಾಡಿದ್ದರಿಂದ ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಅಷ್ಟೇ.

ಕೈಹಿಡಿದದ್ದು ಇಲ್ಲಿನ ಒಬ್ಬರು ಟೀಚರ್ ಹೇಳಿದ ಉಪಾಯ. ಪೇಟೆಗೆ ಹೋದಾಗ ಬೇಕಾದ ವಿಡಿಯೋಗಳನ್ನು ಡೌನ್‌ಲೋಡ್ ಮಾಡಿಕೊಂಡು ಬನ್ನಿ, ಲೈವ್ ತರಗತಿಯನ್ನು ಡೌಟ್ ಕೇಳುವುದಕ್ಕೆ ಮಾತ್ರ ಇಟ್ಟುಕೊಳ್ಳಿ ಅಂದಿದ್ದರು. ಐಎಸ್‌ಎಲ್‌ಆರ್‌ಟಿಸಿ, ಅಂದರೆ ಕೇಂದ್ರ ಸರ್ಕಾರದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರ ಸನ್ನೆ ವಿಡಿಯೋ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು. ದಿನಕ್ಕೆ ಹತ್ತು ಸನ್ನೆ ನೋಡಿ, ಕನ್ನಡ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಗೊತ್ತೇ ಇರದಿದ್ದ ಸಂಗತಿ ಇನ್ನೊಂದು. ಸನ್ನೆ ಭಾಷೆಗೆ ಟಿವಿ ಚಾನೆಲ್ಲೇ ಇದೆ! ಕೇಂದ್ರ ಸರ್ಕಾರದ ಶಿಕ್ಷಣ ಯೋಜನೆ ಪಿಎಂ ಇ-ವಿದ್ಯಾದ 31ನೇ ಚಾನೆಲ್, 2024ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಡಿಡಿ ಫ್ರೀ ಡಿಶ್ ಇದ್ದರೆ ಸಾಕು, ನೆಟ್‌ವರ್ಕಿನ ಗೊಡವೆಯೇ ಇಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ಅಮ್ಮ ಈಗ ಮಗಳ ಜೊತೆ ಕೂತು ನೋಡುತ್ತಾರೆ. ನಿಜ ಹೇಳಬೇಕೆಂದರೆ, ನನಗಿಂತ ಬೇಗ ಕಲಿಯುತ್ತಿದ್ದಾರೆ.