ಪದಚರ್ಚೆ: ಚಾರ್ಜ್ ‘ಬರ್ತಿಲ್ಲ’, ‘ಹಿಡೀತಿಲ್ಲ’, ‘ನಿಲ್ತಿಲ್ಲ’ ಮತ್ತು ಇಂಜಿನ್ನಿನ ಕಟಕಟ

ಪ್ರಶ್ನೆ

ನಮಸ್ಕಾರ. ಹಳೆಯ ಬೈಕುಗಳನ್ನೇ ಹೆಚ್ಚಾಗಿ ರಿಪೇರಿ ಮಾಡುವ ಮೈಸೂರಿನ ಗ್ಯಾರೇಜೊಂದಕ್ಕೆ ಕನ್ನಡದ ಜಾಬ್ ಕಾರ್ಡ್ (ಗಿರಾಕಿಯ ದೂರು ಬರೆದುಕೊಳ್ಳುವ ಚೀಟಿ) ಸಿದ್ಧವಾಗುತ್ತಿದೆ. ಇಂಗ್ಲಿಷ್ ಕಾರ್ಡಿನ ಎರಡು ಸಾಲುಗಳಿಗೆ ‘ಇಂಜಿನ್ ಶಬ್ದ’, ‘ವಿದ್ಯುತ್ಪೂರಣ ತೊಂದರೆ’ ಎಂದು ಹಾಕಿದ್ದೆವು. ಗ್ಯಾರೇಜಿನವರು ಒಪ್ಪಲಿಲ್ಲ. ಗಾಡಿ ತಂದವರು ‘ಚಾರ್ಜ್ ಬರ್ತಿಲ್ಲ’, ‘ಹಿಡೀತಿಲ್ಲ’, ‘ನಿಲ್ತಿಲ್ಲ’ ಅನ್ನುತ್ತಾರೆ. ಮಂಡ್ಯ ಕಡೆಯವರಾದರೆ ‘ನಿಲ್ಲಾಕಿಲ್ಲ ಕಣಣ್ಣ’. ಕೆಲವರು ‘ಗಾಡಿ ಚಾರ್ಜ್ ಎಳೀತದೆ’ ಎನ್ನುವುದೂ ಉಂಟು. ಇವೆಲ್ಲ ಒಂದೇ ಅರ್ಥದವೇ? ವಾಲ್ವ್ ತೆರೆಸುವ ಭಾಗದಿಂದ ಬರುವ ‘ಟ್ಯಾಪೆಟ್ ಸದ್ದು’ ಎಂಬುದಕ್ಕೆ ಕನ್ನಡದ ಮಾತು ಇದೆಯೇ? ಬೇರಿಂಗ್ ಸವೆದು ಅಲ್ಲಾಡುವ ‘ಪ್ಲೇ’ಗೆ ‘ಸಡಿಲ’ ಎಂದರೆ ಆಗುತ್ತದೆಯೇ?

ಉತ್ತರ

ಒಂದೇ ಅರ್ಥ ಅಲ್ಲವೇ ಅಲ್ಲ ಸಾರ್. ಕ್ರಿಯಾಪದ ಬದಲಾದಂತೆ ಬಿಚ್ಚಬೇಕಾದ ಭಾಗವೂ ಬದಲಾಗುತ್ತದೆ. ‘ವಿದ್ಯುತ್ಪೂರಣ ತೊಂದರೆ’ ಎಂದು ಬರೆದುಕೊಂಡಿರೋ, ಗಿರಾಕಿ ಬಾಯಲ್ಲೇ ಕೊಟ್ಟ ಅರ್ಧ ಪತ್ತೆ ಅಲ್ಲೇ ಕಳೆದುಹೋಯಿತು.

‘ಬರ್ತಿಲ್ಲ’ ಅಂದರೆ ಗಾಡಿಯಿಂದ ಬ್ಯಾಟರಿಗೆ ಏನೂ ತಲುಪುತ್ತಿಲ್ಲ. 12 ವೋಲ್ಟಿನ ಗಾಡಿಯಾದರೆ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೇ ಮೀಟರ್ ಹಿಡಿಯಿರಿ. ಇಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟಾಗ 13.8ರಿಂದ 14.5ಕ್ಕೆ ಏರಿ ಅಲ್ಲೇ ನಿಲ್ಲಬೇಕು. 12.5ರಲ್ಲೇ ಕೂತಿದ್ದರೆ, ಹೆಡ್‌ಲೈಟ್ ಹಾಕಿದಾಗ ಇನ್ನೂ ಇಳಿದರೆ, ಬ್ಯಾಟರಿಯನ್ನು ಬೈಯಬೇಡಿ. ಇಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಕಾಯಿಲ್ ಪ್ಲೇಟಿನಿಂದ ಬರುವ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್) ಬಿಚ್ಚಿ, ಮೀಟರನ್ನು ಎಸಿಗೆ ತಿರುಗಿಸಿ. ಮೂರು ವೈರಿನ ಕಾಯಿಲ್ ಆದರೆ ಎರಡೆರಡು ವೈರುಗಳ ನಡುವೆ ಮೂರು ಸಲ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಸಮ ಇದ್ದು, ಆಕ್ಸಿಲರೇಟರ್ ಜೊತೆ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಕಾಯಿಲ್ ಸುಟ್ಟಿದೆ. ಮೂರೂ ಚೆನ್ನಾಗಿದ್ದೂ ಬ್ಯಾಟರಿಗೆ ಬರದಿದ್ದರೆ ಅನುಮಾನ ರೆಗ್ಯುಲೇಟರ್-ರೆಕ್ಟಿಫೈಯರ್ ಮೇಲೆ, ಅಂದರೆ ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಹದದಲ್ಲಿಡುವ ಭಾಗದ ಮೇಲೆ. ಆದರೆ ಅದನ್ನು ಹೊಸದಾಗಿ ಕೊಳ್ಳುವ ಮುಂಚೆ ಅರ್ಥ್ (ಬಾಡಿಯ ಮೂಲಕ ನೆಗೆಟಿವ್‌ಗೆ ಇರುವ ಸಂಪರ್ಕ) ನೋಡಿ: ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ನೆಗೆಟಿವ್ ಮತ್ತು ರೆಗ್ಯುಲೇಟರಿನ ಬಾಡಿ ನಡುವೆ ಡಿಸಿ ಅಳೆದರೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಎಲ್ಲೋ ತುಕ್ಕು, ಪೇಂಟು, ಇಲ್ಲವೇ ಸಡಿಲ ಬೋಲ್ಟು. ಹಳೆಯ ಗಾಡಿಗಳಲ್ಲಿ ಕಪ್ಲರಿನೊಳಗೆ ಹಸಿರು ಕಿಲುಬು ಹಿಡಿದು, ಬಿಸಿಯಾಗಿ, ಪ್ಲಾಸ್ಟಿಕ್ ಕರಗಿರುವುದು ತೀರಾ ಸಾಮಾನ್ಯ.

ಒಂದು ಎಚ್ಚರಿಕೆ. ಮೂರು ವೈರಿನ ಕಾಯಿಲ್‌ನ ಯಾವ ವೈರಿಗೂ ಬಾಡಿಗೂ ಸಂಪರ್ಕ ಇರಬಾರದು, ಇದ್ದರೆ ಶಾರ್ಟ್ ಎಂದೇ ಲೆಕ್ಕ. ಆದರೆ ಹಲವು ಹಳೆಯ 100 ಸಿಸಿ ಗಾಡಿಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯೇ ಬಾಡಿಯೊಂದಿಗೆ ಕೂಡಿಸಿರುತ್ತದೆ. ಅಲ್ಲಿ ಇದೇ ಪರೀಕ್ಷೆ ಮಾಡಿ ‘ಶಾರ್ಟ್’ ಎಂದು ಬರೆದರೆ ಒಳ್ಳೆಯ ಕಾಯಿಲ್ ಗುಜರಿಗೆ ಹೋಗುತ್ತದೆ.

‘ಹಿಡೀತಿಲ್ಲ’ ಬ್ಯಾಟರಿಯದೇ ದೂರು. ಚಾರ್ಜರಿಗೆ ಹಾಕಿದರೆ ವೋಲ್ಟೇಜು ಬೇಗನೆ ಮೇಲೇರಿ ‘ಫುಲ್’ ತೋರಿಸುತ್ತದೆ, ಹಾರ್ನ್ ಒತ್ತಿದರೆ ಕುಸಿಯುತ್ತದೆ. ಬಹಳ ದಿನ ಖಾಲಿ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಬಿಳಿಯ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಕರೆಂಟ್ ಒಳಕ್ಕೆ ಹೋಗಲು ಜಾಗವಿಲ್ಲ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಹಾಕಿ ನೋಡಿ. ತುಂಬಿದ ಸೆಲ್ 1.26ರಿಂದ 1.28 ತೋರಿಸಬೇಕು. ಐದು ಸೆಲ್ ಸರಿಯಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ. ಒಂದೊಂದು ಸೆಲ್ಲಿಗೆ 2.1 ವೋಲ್ಟಿನಂತೆ ಆರು ಸೆಲ್ಲಿಗೆ 12.6; ಒಂದು ಸೆಲ್ ಸತ್ತರೆ ಎಷ್ಟು ಚಾರ್ಜ್ ಮಾಡಿದರೂ ನಿಂತಮೇಲೆ 10.5ರ ಹತ್ತಿರವೇ ಉಳಿಯುತ್ತದೆ. ‘ಸೆಲ್ ಹೋಗಿದೆ’ ಎಂಬ ಮಾತು ಹುಟ್ಟಿದ್ದು ಈ ಲೆಕ್ಕದಿಂದ.

‘ನಿಲ್ತಿಲ್ಲ’ ಎಲ್ಲಕ್ಕಿಂತ ತೊಡಕಿನದು. ಸಂಜೆ ಎಲ್ಲ ಸರಿ, ಬೆಳಿಗ್ಗೆ ಸೆಲ್ಫ್ ‘ಟಿಕ್’ ಅಂತ ಸುಮ್ಮನಾಗುತ್ತದೆ. ಬ್ಯಾಟರಿ ತಾನಾಗಿಯೇ ಇಳಿಯುತ್ತಿದೆಯೋ, ಗಾಡಿ ಎಳೆಯುತ್ತಿದೆಯೋ ಗೊತ್ತಿಲ್ಲ. ಇದನ್ನು ಬೇರೆ ಮಾಡಲು ಮೀಟರೂ ಬೇಡ: ರಾತ್ರಿ ನೆಗೆಟಿವ್ ವೈರ್ ಬಿಚ್ಚಿಡಿ. ಬೆಳಿಗ್ಗೆ ಕೂಡಿಸಿದಾಗ ಚಾರ್ಜ್ ಇದ್ದರೆ ಗಾಡಿ ‘ಎಳೀತಿದೆ’, ಇಲ್ಲದಿದ್ದರೆ ಬ್ಯಾಟರಿಯಲ್ಲೇ ‘ನಿಲ್ತಿಲ್ಲ’. ಎಳೆಯುತ್ತಿರುವುದು ಖಾತ್ರಿಯಾದರೆ, ಕೀ ಆಫ್ ಮಾಡಿ, ನೆಗೆಟಿವ್ ವೈರಿಗೂ ಟರ್ಮಿನಲ್ಲಿಗೂ ನಡುವೆ ಮಿಲಿ ಆಂಪ್ ಮೀಟರ್ ಸೇರಿಸಿ. ಗಡಿಯಾರ, ಅಲಾರಂ ಯಾವುದೂ ಇಲ್ಲದ ಹಳೆಯ ಗಾಡಿಯಲ್ಲಿ ಸೊನ್ನೆಯ ಹತ್ತಿರ ಇರಬೇಕು. 50 ಮಿಲಿ ಆಂಪ್ ಎಂದರೆ ಕೇಳಲು ಏನೂ ಅಲ್ಲ, ದಿನಕ್ಕೆ 1.2 ಆಂಪ್-ಅವರ್ ಆಗುತ್ತದೆ, 2.5 ಆಂಪ್-ಅವರಿನ ಸಣ್ಣ ಬ್ಯಾಟರಿ ಎರಡೇ ದಿನಕ್ಕೆ ಖಾಲಿ. ಮೊದಲು ರೆಕ್ಟಿಫೈಯರ್ ಕಪ್ಲರ್ ಬಿಚ್ಚಿ, ಮೀಟರಿನ ಅಂಕಿ ಇಳಿಯಿತೇ ನೋಡಿ. ಒಳಗಿನ ಡಯೋಡ್ ಸೋರುವುದುಂಟು. ಆಮೇಲೆ ಕೀಗೆ ಮುಂಚೆಯೇ ಲೈನ್ ಎಳೆದು ಹಾಕಿಸಿದ ಮೊಬೈಲ್ ಚಾರ್ಜರ್, ಎಲ್‌ಇಡಿ ಪಟ್ಟಿ.

ನಿಮ್ಮ ಪಟ್ಟಿಯಲ್ಲಿ ಎರಡು ಬಿಟ್ಟುಹೋಗಿವೆ. ಒಂದು ‘ಸಾಲ್ತಿಲ್ಲ’. ಯಾವುದೂ ಕೆಟ್ಟಿರುವುದಿಲ್ಲ, ಖರ್ಚೇ ಹೆಚ್ಚು. ಎರಡು ಹ್ಯಾಲೊಜನ್ ದೀಪ ಹೆಚ್ಚಿಗೆ ಹಾಕಿಸಿಕೊಂಡು, ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳಿದರೆ ಯಾವ ಕಾಯಿಲ್ ತಾನೇ ಪೂರೈಸೀತು? ಐಡ್ಲಿಂಗಿನಲ್ಲಿ ಅದು ಹುಟ್ಟಿಸುವುದೇ ಕಡಿಮೆ. ಇನ್ನೊಂದು ‘ಬ್ಯಾಟರಿ ನೀರು ಕುಡೀತದೆ’. ಇದು ಬರ್ತಿಲ್ಲ ಎಂಬುದರ ತಿರುವುಮುರುವು: ವಿಪರೀತ ಬರ್ತಿದೆ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಲಸ ನಿಲ್ಲಿಸಿದೆ. ನೀರು ಒಡೆದು ಗ್ಯಾಸಾಗಿ ಹೋಗುತ್ತದೆ, ಬಲ್ಬುಗಳೂ ಮೇಲಿಂದ ಮೇಲೆ ಸುಡುತ್ತವೆ. ಕಾರ್ಡಿನಲ್ಲಿ ‘ಬಲ್ಬ್ ಸುಡುತ್ತದೆಯೇ?’ ಎಂದೊಂದು ಪ್ರಶ್ನೆ ಇರಲಿ. ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿಯುತ್ತದೆ, ಆದ್ದರಿಂದ ತುಂಬಬೇಕಾದದ್ದು ಡಿಸ್ಟಿಲ್ಡ್ ನೀರು. ‘ಬ್ಯಾಟರಿ ನೀರು’ ಎಂದು ಕೇಳಿದವರಿಗೆ ಕೆಲವು ಅಂಗಡಿಗಳಲ್ಲಿ ಆಸಿಡ್ಡೂ ಸಿಗುತ್ತದೆ, ಹಾಗಾಗಿ ಕಾರ್ಡಿನಲ್ಲಿ ಈ ಎರಡನ್ನೂ ಬೇರೆ ಬೇರೆ ಹೆಸರಿಂದಲೇ ಬರೆಯಿರಿ.

‘ಬ್ಯಾಟರಿ ಡೌನ್’ ಎಂಬುದನ್ನು ದೂರಿನ ಪಟ್ಟಿಯಲ್ಲಿ ಇಡಬೇಡಿ. ಮೇಲಿನ ಯಾವುದರಿಂದಲೂ ಡೌನ್ ಆಗಬಹುದು.

ಇನ್ನು ಸದ್ದು. ‘ಶಬ್ದ’ಕ್ಕೆ ಪದ ಎಂಬ ಅರ್ಥವೂ ಇದೆ, ಗ್ಯಾರೇಜಿನಲ್ಲಿ ಅದು ಬೇಡ, ‘ಸದ್ದು’ ಸಾಕು. ಮುಖ್ಯವಾದದ್ದು, ಗಿರಾಕಿಯ ಬಾಯಿಂದ ಬಂದ ಅನುಕರಣ ಪದವನ್ನು ತಿದ್ದದೆ ಬರೆದುಕೊಳ್ಳುವುದು. ಟಿಕ್‌ಟಿಕ್, ಕಟಕಟ, ದಡದಡ, ಝರಝರ, ಗೊರ್ರ್, ಕಿಣಿಕಿಣಿ ಇವು ಅಲಂಕಾರದ ಮಾತುಗಳಲ್ಲ. ಅದರ ಪಕ್ಕದಲ್ಲಿ ‘ಯಾವಾಗ’ ಎಂಬ ಕಾಲಂ ಇರಲಿ: ತಣ್ಣಗಿದ್ದಾಗಲೋ ಬಿಸಿಯಾದಮೇಲೋ, ಐಡ್ಲಿಂಗಿನಲ್ಲೋ ಏರಿನಲ್ಲೋ, ಕ್ಲಚ್ ಹಿಡಿದರೆ ಬದಲಾಗುತ್ತದೆಯೋ. ಕ್ಲಚ್ ಹಿಡಿದೊಡನೆ ಸದ್ದು ನಿಂತರೆ ಅಥವಾ ಬದಲಾದರೆ ಪಿಸ್ಟನ್ ಕಡೆ ಹೋಗುವ ಮುಂಚೆ ಕ್ಲಚ್, ಗೇರ್ ಬಾಕ್ಸ್ ನೋಡಬೇಕು.

ಕ್ರಿಯಾಪದ ಇಲ್ಲೂ ಕೆಲಸಕ್ಕೆ ಬರುತ್ತದೆ. ರಾಡ್ ‘ಹೊಡೀತದೆ’, ಚೈನ್ ‘ಉಜ್ಜುತ್ತದೆ’, ಬೇರಿಂಗ್ ‘ಕೂಗುತ್ತದೆ’. ‘ಪ್ಲೇ’ಗೆ ‘ಸಡಿಲ’ ಹಾಕಬೇಡಿ. ಸಡಿಲ ಆದದ್ದನ್ನು ಬಿಗಿ ಮಾಡಬಹುದು. ಸವೆದು ‘ಆಟ ಬಂದದ್ದನ್ನು’ ಬಿಗಿ ಮಾಡಲು ಬರುವುದಿಲ್ಲ, ಬದಲಿಸಬೇಕು. ‘ಹಿಡಿ’ಯ ವಿಚಾರದಲ್ಲೂ ಜೋಕೆ: ಬ್ಯಾಟರಿ ‘ಹಿಡೀತಿಲ್ಲ’ ಅಂದರೆ ರೋಗ, ಪಿಸ್ಟನ್ ‘ಹಿಡ್ಕೊಂಡಿದೆ’ ಅಂದರೂ ರೋಗ, ಅದೂ ದುಬಾರಿಯದು.

ಟ್ಯಾಪೆಟ್ಟಿಗೆ ಕನ್ನಡ ಹುಡುಕಬೇಡಿ, ಎಲ್ಲರಿಗೂ ಗೊತ್ತಿರುವ ಪದ. ಟಿಕ್‌ಟಿಕ್ ಸದ್ದು ಇಂಜಿನ್ನಿನ ಮೇಲ್ತುದಿಯಿಂದ ಬಂದರೆ ಅದೇ ಮೊದಲ ಶಂಕೆ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಯಲ್ಲಿರಬೇಕು, ಮ್ಯಾಗ್ನೆಟ್ ಮೇಲಿನ ಗುರುತು ಕೂಡಬೇಕು. ಆಮೇಲೆ ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ಟಿನ ಸಂದು ಅಳೆಯಿರಿ. ಹಳೆಯ 100 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಹಳೆಯ ಕಾಸ್ಟ್ ಐರನ್ ಬುಲೆಟ್ಟಿಗೆ ಗೇಜೇ ಬೇಡ: ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಸದ್ದೇ ಬರಬಾರದೆಂದು ಬಿಗಿ ಮಾಡಿಸುವವರಿದ್ದಾರೆ. ಬಿಗಿ ಟ್ಯಾಪೆಟ್ ಸದ್ದು ಮಾಡುವುದಿಲ್ಲ ನಿಜ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟುಹೋಗುತ್ತದೆ. ಟ್ಯಾಪೆಟ್ ಸರಿ ಮಾಡಿದಮೇಲೂ ಟಿಕ್‌ಟಿಕ್ ಉಳಿದರೆ ಸೈಲೆನ್ಸರ್ ಬೆಂಡ್ ಇಂಜಿನ್ನಿಗೆ ಕೂಡುವ ಕಡೆ ಕಪ್ಪು ಮಸಿ ಕಟ್ಟಿದೆಯೇ ನೋಡಿ. ಅಲ್ಲಿ ಗ್ಯಾಸ್ ಸೋರಿದರೂ ಅದೇ ಸದ್ದು. ಟೈಮಿಂಗ್ ಚೈನ್ ಸದ್ದು ಝರಝರ ಎಂದು ಉದ್ದಕ್ಕೆ ಎಳೆದ ಹಾಗಿರುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಎದ್ದು ಕೇಳುತ್ತದೆ.

ಮತ್ತೊಬ್ಬರ ಉತ್ತರ

ಮೇಲಿನದಕ್ಕೆ ಸೇರಿಸಬೇಕಾದದ್ದು, ಮೈಸೂರಿನ ಗ್ಯಾರೇಜ್ ಎಂದಮೇಲೆ ಜಾವಾ, ಯೆಜ್ಡಿ ಬಂದೇ ಬರುತ್ತವೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿಂದ ಹೊರಟ ಗಾಡಿಗಳು ಇನ್ನೂ ಓಡುತ್ತಿವೆ. ಇವು ಟೂ ಸ್ಟ್ರೋಕ್. ವಾಲ್ವೇ ಇಲ್ಲ, ಟ್ಯಾಪೆಟ್ ಎಲ್ಲಿಂದ ಬಂತು? ಆದರೂ ಗಿರಾಕಿ ‘ಟ್ಯಾಪೆಟ್ ಸದ್ದು’ ಎಂದೇ ಬರೆಸುತ್ತಾನೆ. ಹಾಗಾಗಿ ಕಾರ್ಡಿನಲ್ಲಿ ‘ಟ್ಯಾಪೆಟ್’ ಎಂದು ಅಚ್ಚು ಹಾಕಿ ಟಿಕ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಸದ್ದಿನ ಪದ ಬರೆಸಿಕೊಳ್ಳಿ, ಭಾಗದ ಹೆಸರನ್ನು ಮೆಕ್ಯಾನಿಕ್ ತುಂಬಲಿ.

ಯೆಜ್ಡಿಯಲ್ಲಿ ಬೆಳಿಗ್ಗೆ ಕಟಕಟ ಇದ್ದು ಬಿಸಿಯಾದಮೇಲೆ ಕಡಿಮೆಯಾದರೆ ಪಿಸ್ಟನ್ನಿಗೂ ಬೋರಿಗೂ ನಡುವೆ ಜಾಗ ಹೆಚ್ಚಾಗಿದೆ. ಬಿಸಿಯಾಗಿ ಪಿಸ್ಟನ್ ಹಿಗ್ಗಿದಾಗ ಆ ಜಾಗ ತುಂಬುತ್ತದೆ, ಅದಕ್ಕೇ ಸದ್ದು ಇಳಿಯುವುದು. ಸಣ್ಣಗೆ ಕಿಣಿಕಿಣಿ ಸದಾ ಇದ್ದರೆ ಪಿಸ್ಟನ್ ಪಿನ್ನು, ಬುಷ್. ಅದೇ ಕಿಣಿಕಿಣಿ ಚಾಮುಂಡಿ ಬೆಟ್ಟದ ಏರಿನಲ್ಲಿ ಮಾತ್ರ ಬಂದು ಇಳಿಜಾರಿನಲ್ಲಿ ಮಾಯವಾದರೆ ಪಿನ್ ಬಿಚ್ಚುವ ಮುಂಚೆ ಸ್ಪಾರ್ಕಿನ ಟೈಮಿಂಗ್ ಮುಂದೆ ಹೋಗಿದೆಯೇ, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದೆಯೇ, ಪೆಟ್ರೋಲ್ ಕಡಿಮೆ ಬರುತ್ತಿದೆಯೇ ನೋಡಬೇಕು. ದಡದಡ ಎಂದು ಕೆಳಗಿನಿಂದ ಬಂದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್): ಸಿಲಿಂಡರ್ ತೆಗೆದು, ರಾಡನ್ನು ಮೇಲ್ತುದಿಗೆ ತಂದು, ನೇರ ಮೇಲಕ್ಕೂ ಕೆಳಕ್ಕೂ ಎಳೆದು ಒತ್ತಿ ನೋಡಿ. ಕೈಗೆ ಸಿಗುವಷ್ಟು ಆಟ ಇದ್ದರೆ ಕ್ರ್ಯಾಂಕ್ ಪ್ರೆಸ್ಸಿಗೆ ಹೋಗಲೇಬೇಕು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಅದನ್ನು ನೋಡಿ ಹೆದರಬೇಡಿ. ಐಡ್ಲಿಂಗಿನಲ್ಲಿ ಒಂದು ಹೊಡೆತ ಬಿಟ್ಟು ಬಿಟ್ಟು ಬರುವುದೂ ರೋಗವಲ್ಲ, ಟೂ ಸ್ಟ್ರೋಕಿನ ಸ್ವಭಾವ.

ಚಾರ್ಜಿಂಗ್ ಪದಗಳೂ ಇಲ್ಲಿ ಬೇರೆ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಇರುವುದು 6 ವೋಲ್ಟಿನ ಡೈನಮೋ. ಅಲ್ಲಿ ಮ್ಯಾಗ್ನೆಟ್ ಇಲ್ಲ. ಆರ್ಮೇಚರ್, ಫೀಲ್ಡ್ ಕಾಯಿಲ್, ಕಾರ್ಬನ್ ಬ್ರಷ್, ಮತ್ತು ಮೆಕ್ಯಾನಿಕ್ಕುಗಳು ‘ಕಟೌಟ್’ ಎನ್ನುವ ರೆಗ್ಯುಲೇಟರ್. ನಿಂತ ಬ್ಯಾಟರಿ 6.3, ಓಡುವಾಗ 7ರ ಸ್ವಲ್ಪ ಮೇಲೆ. ಮೊದಲ ಸುಳಿವು ಹೆಡ್‌ಲೈಟಿನ ಮೇಲಿನ ಕೆಂಪು ದೀಪ. ಕೀ ಹಾಕಿದಾಗ ಹತ್ತಿ, ಆಕ್ಸಿಲರೇಟರ್ ಕೊಟ್ಟಾಗ ಆರಬೇಕು. ಆರದಿದ್ದರೆ ‘ಬರ್ತಿಲ್ಲ’. ಕೀ ಹಾಕಿದಾಗ ಹತ್ತಲೇ ಇಲ್ಲವೆಂದರೆ ಬಲ್ಬ್ ಸುಟ್ಟಿರಬಹುದು, ಇಲ್ಲವೇ ಬ್ರಷ್ ಕಮ್ಯುಟೇಟರಿಗೆ ತಾಗುತ್ತಿಲ್ಲ. ಆ ದೀಪದ ಸರ್ಕ್ಯೂಟ್ ಪೂರ್ತಿಯಾಗುವುದು ಆರ್ಮೇಚರ್ ಮೂಲಕ. ಕಮ್ಯುಟೇಟರನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಎಮರಿ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಪಟ್ಟಿಗಳ ನಡುವಿನ ಅಭ್ರಕ ಮೇಲೆದ್ದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತಗ್ಗಿಸಿ. ಬ್ರಷ್ ಗಿಡ್ಡವಾಗಿ ಸ್ಪ್ರಿಂಗಿನ ಒತ್ತಡ ತಪ್ಪಿದ್ದರೆ ಹೊಸದೇ ಹಾಕಬೇಕು.

ಜಾಬ್ ಕಾರ್ಡ್ ಮಾಡುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಿಮ್ಮ ಕಾರ್ಡಿನಲ್ಲಿ ಸದ್ದಿನ ದೂರು ಒಂದು ಕಡೆ, ಚಾರ್ಜಿನ ದೂರು ಇನ್ನೊಂದು ಕಡೆ. ಯೆಜ್ಡಿಯಲ್ಲಿ ಆರ್ಮೇಚರ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲೇ. ಮೇನ್ ಬೇರಿಂಗಿನಲ್ಲಿ ಆಟ ಬಂದರೆ ಆರ್ಮೇಚರ್ ಅಲ್ಲಾಡಿ ಸುತ್ತಲಿನ ಫೀಲ್ಡ್ ಕಬ್ಬಿಣಕ್ಕೆ ಉಜ್ಜುತ್ತದೆ: ಒಂದು ಕಡೆ ಗೊರ್ರ್, ಸರ್ ಸರ್ ಎಂಬ ಸದ್ದು, ಇನ್ನೊಂದು ಕಡೆ ಚಾರ್ಜ್ ಬಾರದಿರುವುದು. ಡೈನಮೋ ಕವರ್ ಬಿಚ್ಚಿದಾಗ ಆರ್ಮೇಚರ್ ಮೈಮೇಲೆ ಹೊಳೆಯುವ ಗೀರು ಕಂಡರೆ ಬ್ರಷ್, ಕಟೌಟ್ ಬದಲಿಸಿ ಪ್ರಯೋಜನವಿಲ್ಲ, ಕ್ರ್ಯಾಂಕನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅದೇ ಬದಿಯ ಆಯಿಲ್ ಸೀಲ್ ಸಾಮಾನ್ಯವಾಗಿ ಬೇರಿಂಗ್ ಜೊತೆಗೇ ಹೋಗಿರುತ್ತದೆ. ಅಲ್ಲಿಂದ ಗಾಳಿ ಎಳೆದುಕೊಂಡು ಐಡ್ಲಿಂಗ್ ತಾನಾಗಿ ಏರುತ್ತದೆ, ಇಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುವ ತನಕ ಹೋಗಬಹುದು. ಹಾಗಾಗಿ ಒಬ್ಬನೇ ಗಿರಾಕಿ ‘ಗೊರ್ರ್ ಅಂತದೆ’, ‘ಚಾರ್ಜ್ ಬರ್ತಿಲ್ಲ’, ‘ರೇಸ್ ತಾನೇ ಏರ್ತದೆ’ ಎಂದು ಮೂರನ್ನೂ ಹೇಳಿದರೆ ಮೂರು ಕಾಲಮ್ಮಿನಲ್ಲಿ ಹಂಚದೆ ಒಂದೇ ಸಾಲಿನಲ್ಲಿ ಬರೆಯಲು ಕಾರ್ಡಿನಲ್ಲಿ ಜಾಗ ಬಿಡಿ.