ಅಪ್‌ಡೇಟ್: ಅಜ್ಜನ ಕೋವಿಯ ಬ್ಲೂಯಿಂಗ್ ಕೊನೆಗೂ ಕೂತಿತು

ಶಿರಸಿಯ ಮಳೆಗೆ ನಮ್ಮ ಲೈಸೆನ್ಸ್ ಕೋವಿಯ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ತುಕ್ಕು ಹಿಡಿದಿದೆ, ಮನೆಯಲ್ಲೇ ಬ್ಲೂಯಿಂಗ್, ಅಂದರೆ ತುಕ್ಕು ತಡೆಯುವ ನೀಲಿಗಪ್ಪು ಪದರ ಬರಿಸುವುದು, ಮಾಡಬಹುದಾ ಅಂತ ಕೇಳಿದ್ದೆ ಅಲ್ವಾ? ಮಾಡಿದೆ.

ಮೊದಲು ಬಾಟಲಿಯ ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚಿ ಕಪ್ಪಾಗಿಸುವ ದ್ರಾವಣ) ಹಚ್ಚಿದೆ. ಬೇಗ ಕಪ್ಪಾಯಿತು, ಆದರೆ ಮಚ್ಚೆ ಮಚ್ಚೆ. ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಿದ್ದೆ. ಹೆಬ್ಬೆರಳಿನ ಗುರುತು ಗೆರೆ ಸಮೇತ ಉಳಿದಿತ್ತು. ಜಿಡ್ಡು ಇದ್ದಲ್ಲಿ ಬಣ್ಣ ಹಿಡಿಯುವುದೇ ಇಲ್ಲ.

ನೀವು ಹೇಳಿದ ಹಾಗೆ ಎಲ್ಲ ಉಜ್ಜಿ ತೆಗೆದು ರಸ್ಟ್ ಬ್ಲೂಯಿಂಗ್ ಶುರು ಮಾಡಿದೆ, ಅಂದರೆ ಬೇಕಂತಲೇ ತುಕ್ಕು ಹಿಡಿಸಿ ಅದನ್ನೇ ಕುದಿಸಿ ಕಪ್ಪಾಗಿಸುವುದು. ತುಕ್ಕು ಹಿಡಿಸುವ ದ್ರಾವಣ ತೆಳ್ಳಗೆ ಸವರಿ ಬಚ್ಚಲುಮನೆಯಲ್ಲಿ ತೂಗುಹಾಕಿದೆ. ಬೆಳಗ್ಗೆ ಕಾವಿ ಬಣ್ಣದ ಪುಡಿ ಸಮನಾಗಿ ಎದ್ದಿತ್ತು. ಸ್ಟೀಲ್ ಪಾತ್ರೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ 20 ನಿಮಿಷ ಕುದಿಸಿದೆ. ಕೆಂಪು ತುಕ್ಕು ಕಪ್ಪು ಮಖಮಲ್ಲಿನ ಹಾಗಾಯಿತು! ಅದೇ ಕಬ್ಬಿಣದ ಕಪ್ಪು ಆಕ್ಸೈಡ್. ಅದನ್ನು ಜಿಡ್ಡಿಲ್ಲದ ನಯ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿದರೆ ಕೆಳಗೆ ತೆಳು ಬೂದು ಪದರ. 5 ಸಲ ಹೀಗೇ ಮಾಡಿದ ಮೇಲೆ ಕಡುನೀಲಿಗಪ್ಪು ಬಂತು.

ನಳಿಗೆಯನ್ನು ಮುಟ್ಟಿಲ್ಲ. ಅದಕ್ಕೆ ಲೈಸೆನ್ಸ್ ಇರುವ ರಿಪೇರಿಯವರೇ ಸರಿ. ಕೊನೆಯ ಸಲ ಕುದಿಸಿ ಬಿಸಿ ಇರುವಾಗಲೇ ಎಣ್ಣೆ ಸವರಿದೆ. ಅಪ್ಪಯ್ಯ ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು. ಎಲ್ಲರಿಗೂ ಥ್ಯಾಂಕ್ಸ್.